ಗುಲಗಂಜಿ ಕಣ್ಣಿನ ನವಿಲು

ಮುಚ್ಚಿದ ಡಬ್ಬಿ ಕಂಡರೆ ಒಳಗೆ ಏನಿದೆ ಎಂದು ನೋಡುವ ತನಕ ನನಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಉಪ್ಪಿನಕಾಯಿ ಭರಣಿ, ಅಪ್ಪನ ಕನ್ನಡಕದ ಡಬ್ಬಿ, ನೆರೆಮನೆಯವರ ಔಷಧದ ಬಾಟಲಿ, ಯಾವುದನ್ನೂ ಬಿಟ್ಟವಳಲ್ಲ ನಾನು. ಅವ್ವ ಬೈಯುತ್ತಿದ್ದಳು. ಸಾಲಿ ಮಾಸ್ತರರಾಗಿದ್ದ ಅಪ್ಪ ಮಾತ್ರ, ಹುಡುಗಿಗೆ ಜಿಜ್ಞಾಸೆ ಇದೆ ಎಂದು ದೊಡ್ಡ ಶಬ್ದ ಬಳಸಿ ನನ್ನನ್ನು ಉಳಿಸುತ್ತಿದ್ದರು. ಆ ಶಬ್ದದ ಅರ್ಥ ನನಗೂ ಗೊತ್ತಿರಲಿಲ್ಲ, ಅವ್ವನಿಗೂ ಗೊತ್ತಿರಲಿಲ್ಲ. ಅದಕ್ಕೇ ಅದು ಕೆಲಸಕ್ಕೆ ಬರುತ್ತಿತ್ತು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು, ನನಗೆ ಹನ್ನೆರಡು ತುಂಬಿತ್ತು. ಬಾಗಲಕೋಟೆಯ ನಮ್ಮ ಓಣಿಯ ಒಬ್ಬರ ಮನೆಗೆ ಮುಂಬೈಯಿಂದ ಒಂದು ಉಡುಗೊರೆ ಬಂತು. ಮಿಂಚುವ ಕಾಗದ ಸುತ್ತಿ, ಕೆಂಪು ಪಟ್ಟಿ ಕಟ್ಟಿ, ಮೇಲೊಂದು ಹೂವು ಮಾಡಿದ್ದರು. ಅದನ್ನು ಬಿಚ್ಚುವಾಗ ಓಣಿಯ ಅರ್ಧ ಮಂದಿ ಅಲ್ಲಿದ್ದರು, ನಾನಂತೂ ಎಲ್ಲರಿಗಿಂತ ಮುಂದೆ. ಒಳಗಿದ್ದದ್ದು ಎರಡು ಗಾಜಿನ ಲೋಟ. ಇಷ್ಟೇನಾ ಎಂದು ಮಂದಿ ಮನೆಗೆ ಹೋದರು. ನನಗೆ ಲೋಟದ ಚಿಂತೆ ಇರಲಿಲ್ಲ. ಕೊಡುವ ವಸ್ತುವನ್ನು ಯಾಕೆ ಮುಚ್ಚಿ ಕೊಡಬೇಕು ಎಂಬುದು ತಲೆಗೆ ಹೊಕ್ಕಿತು.

ನಮ್ಮ ಕಡೆ ಕೊಡುವುದೆಲ್ಲ ಬಿಚ್ಚುಬಿಚ್ಚಾಗಿಯೇ. ಮದುವೆಯಲ್ಲಿ ಸೀರೆ ಕೊಟ್ಟರೆ ಸೆರಗು ಬಿಡಿಸಿ ತೋರಿಸಬೇಕು, ನಾಲ್ಕು ಜನ ಹೆಬ್ಬೆರಳು ತೋರಬೆರಳ ನಡುವೆ ಹಿಡಿದು ತಿಕ್ಕಿ ನೋಡಬೇಕು, ಒಬ್ಬಾಕೆಯಾದರೂ ಮೂಗು ಮುರಿಯಬೇಕು. ಹೆಣ್ಣುಮಕ್ಕಳ ಉಡಿ ತುಂಬುವಾಗಲೂ ಹಾಗೆಯೇ. ಮಡಿಲ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಅವುಗಳ ಮೇಲೆ ಒಂದು ಖಣ, ಎಂದರೆ ಕುಬಸಕ್ಕೆ, ರವಿಕೆಗೆಂದು ಗುಳೇದಗುಡ್ಡದಲ್ಲಿ ನೇಯುವ ಬಟ್ಟೆಯ ತುಂಡು. ಎಲ್ಲ ಕಣ್ಣಿಗೆ ಕಾಣುವಂತೆ ಇರಬೇಕು. ಮುಚ್ಚಿಕೊಟ್ಟರೆ ಏನೋ ಐಬು ಇದೆ ಎಂದು ತಿಳಿಯುವ ಜನ.

ಆ ದಿನದಿಂದ ಮನೆಯಲ್ಲಿ ಕಾಗದ ಉಳಿಯಲಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆ, ಸಿಮೆಂಟಿನ ಚೀಲದ ಒಳಪದರ, ಅಪ್ಪನ ರದ್ದಿ ಉತ್ತರಪತ್ರಿಕೆ, ಎಲ್ಲ ನನ್ನ ಪಾಲು. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಕುಟ್ಟಿ ಕುದಿಸಿದರೆ ಗಟ್ಟಿ ಅಂಟು ಆಗುತ್ತದೆ ಎಂದು ಅವ್ವನೇ ಒಮ್ಮೆ ಹೇಳಿದ್ದಳು. ಹೇಳಿ ಕೆಟ್ಟಳು, ಒಲೆಯ ಮೇಲೆ ಸದಾ ನನ್ನದೊಂದು ಹಂಡೆ. ಬೆಂಡೆಕಾಯಿ ಅಡ್ಡ ಕೊಯ್ದು ಬಟ್ಟೆಗೆ ಹಾಕುವ ನೀಲಿಯಲ್ಲಿ ಅದ್ದಿ ಒತ್ತಿದರೆ ಐದು ಎಸಳಿನ ಹೂವು ಮೂಡುತ್ತದೆ. ಅರಿಷಿಣಕ್ಕೆ ಸುಣ್ಣ ಕೂಡಿದರೆ ಕೆಂಪು. ಈರುಳ್ಳಿ ಸಿಪ್ಪೆ ಕುದಿಸಿದ ನೀರಿನಲ್ಲಿ ಸಿಮೆಂಟಿನ ಕಾಗದ ಅದ್ದಿದರೆ ಹಳೇ ಬಂಗಾರದ ಬಣ್ಣ. ಕಾಕನ ಸಿಗರೇಟು ಪಾಕೀಟಿನೊಳಗಿನ ಬೇಗಡೆಯನ್ನು ಉಗುರಿನಿಂದ ತಿಕ್ಕಿ ನುಣುಪು ಮಾಡಿ ನವಿಲು ಕತ್ತರಿಸುತ್ತಿದ್ದೆ. ಅದರ ಕಣ್ಣಿಗೆ ಒಂದು ಗುಲಗಂಜಿ. ಬೆಂಡೆಕಾಯಿ ಪಲ್ಯ ಮಾಡುವ ದಿನ ಅವ್ವ ಕಾಯಿ ಎಣಿಸಿ ಇಡಲು ಶುರುಮಾಡಿದಳು.

ಅಕ್ಕನ ಮದುವೆ ಗೊತ್ತಾದದ್ದು ಆಗಲೇ. ಬಂದ ಬಳಗದ ಹೆಣ್ಣುಮಕ್ಕಳ ಉಡಿ ತುಂಬಲು ಗುಳೇದಗುಡ್ಡದಿಂದ ಸೋದರಮಾವ ಇಪ್ಪತ್ತೊಂದು ಖಣ ಕಳಿಸಿದ. ಅವನ್ನೆಲ್ಲ ನಾನೇ ಸುತ್ತಿಕೊಡುತ್ತೇನೆ ಎಂದು ಹಟ ಹಿಡಿದೆ. ಅವ್ವ ಒಪ್ಪಲಿಲ್ಲ. ಅಂಚಿನ ದಂಡೆ ಕಾಣದಿದ್ದರೆ ಮಂದಿ ಏನಂದಾರು ಎಂದಳು. ನಾನು ಎರಡು ಹೊತ್ತು ಊಟ ಬಿಟ್ಟೆ, ಅಂದರೆ ಅವಳ ಮುಂದೆ ಬಿಟ್ಟೆ. ಅಪ್ಪ ಮತ್ತೆ ಜಿಜ್ಞಾಸೆ ಎಂದರು. ಕೊನೆಗೆ ಅವ್ವ ಟ್ರಂಕಿನ ಕೀಲಿ ನನ್ನ ಕೈಗೆ ಹಾಕಿ ಅಡಿಗೆಯವರ ಹಿಂದೆ ಹೋದಳು.

ಎರಡು ದಿನ ಮೇಲಿನ ಕೋಣೆಯಲ್ಲಿ ಕೂತು ಸುತ್ತಿದೆ. ಒಂದರಂತೆ ಒಂದಿಲ್ಲ. ಟ್ರಂಕಿನ ತಳದಲ್ಲಿ ಹಳೆಯ ಧೋತರದ ಬಿಳಿ ತುಂಡಿನಲ್ಲಿ ಸುತ್ತಿದ್ದ ಖಣವೊಂದು ಬೇರೆಯಾಗಿ ಸಿಕ್ಕಿತು. ಬದನೆಕಾಯಿ ಬಣ್ಣದ್ದು, ಹಳದಿ ದಂಡೆ, ಮಡಿಕೆಯಲ್ಲಿ ಒಣಗಿದ ಬೇವಿನೆಲೆ. ಮಾವ ಒಂದು ಹೆಚ್ಚಿಗೆ ಇಟ್ಟಿದ್ದಾನೆ ಎಂದುಕೊಂಡೆ. ನನಗೆ ಬೇಕಾದದ್ದು ಆ ಬಿಳಿ ತುಂಡು, ಎಷ್ಟು ಮೆತ್ತಗಿತ್ತೆಂದರೆ ಅದರಿಂದ ಮೂರು ಹೂವು ಆದವು. ಖಣವನ್ನು ಈರುಳ್ಳಿ ಬಣ್ಣದ ಕಾಗದದಲ್ಲಿ ಸುತ್ತಿ ನೀಲಿ ಹೂವು ಒತ್ತಿ, ಇದ್ದುದರಲ್ಲೇ ಚಂದದ ನವಿಲನ್ನು ಅದರ ಮೇಲೆ ಅಂಟಿಸಿದೆ. ಇಪ್ಪತ್ತೆರಡು ಪೊಟ್ಟಣ ಸಾಲಾಗಿ ಇಟ್ಟು ಅವ್ವನನ್ನು ಕರೆದೆ. ಒಂದು ಹೆಚ್ಚಾಯಿತಲ್ಲ ಎಂದರೆ, ಮಾವ ಹಾಕಿರಬೇಕು, ಕರೆಯದೆ ಬಂದವರಿಗೆ ಆಗುತ್ತದೆ ಎಂದಳು. ಅವಸರದಲ್ಲಿದ್ದಳು, ಪಾಪ.

ಮದುವೆಯಲ್ಲಿ ಪೊಟ್ಟಣಗಳದ್ದೇ ಸುದ್ದಿ. ಒಬ್ಬಾಕೆ ಪೇಢೆ ಇರಬೇಕೆಂದು ಮೂಸಿ ನೋಡಿದಳು. ಇನ್ನೊಬ್ಬಾಕೆ, ಮಾಸ್ತರ ಮನೆಯಲ್ಲವೇ, ಪುಸ್ತಕವಿರಬೇಕು ಎಂದು ಮುಖ ಸಣ್ಣದು ಮಾಡಿದಳು. ಆದರೆ ಒಬ್ಬರೂ ಬಿಚ್ಚಲಿಲ್ಲ. ಕಾಗದ ಹರಿದೀತು ಎಂದು ಎಲ್ಲರೂ ಮಗುವನ್ನು ಹಿಡಿದಂತೆ ಹಿಡಿದುಕೊಂಡು ಹೋದರು. ನನಗೆ ನೆಲಕ್ಕೆ ಕಾಲು ಹತ್ತಲಿಲ್ಲ.

ಹದಿನೈದು ದಿನದ ಮೇಲೆ ಅವ್ವ ಟ್ರಂಕಿನ ಬಟ್ಟೆ ಬಿಸಿಲಿಗೆ ಹಾಕಲು ಕೂತಳು. ಧೋತರದ ಬಿಳಿ ತುಂಡೊಂದು ಇತ್ತಲ್ಲ, ಎಲ್ಲಿ ಎಂದು ಕೇಳಿದಳು. ನಾನು ಹೆಮ್ಮೆಯಿಂದ ಗೂಡಿನಲ್ಲಿ ಉಳಿದಿದ್ದ ಒಂದು ಹೂವು ತಂದು ತೋರಿಸಿದೆ.

“ಅದರಾಗ ಸುತ್ತಿದ್ದು ಎಲ್ಲಿ?” ಎಂದಳು.

ಕೊಟ್ಟೆವಲ್ಲ ಎಂದೆ. ಅವ್ವ ಹೊಡೆಯಲಿಲ್ಲ, ಬೈಯಲಿಲ್ಲ. ಖಾಲಿ ಟ್ರಂಕಿನ ಮುಚ್ಚಳ ಹಾಕಿ ಅದರ ಮೇಲೆಯೇ ಕೂತಳು. ಹೊಡೆದಿದ್ದರೆ ಚಲೋ ಇತ್ತು.

ಅದು ಆಯಿ ನೇಯ್ದ ಖಣ. ಆಯಿ ಎಂದರೆ ಅವ್ವನ ತಾಯಿ. ಗುಳೇದಗುಡ್ಡದಲ್ಲಿ ಅವರ ಮನೆಯ ಪಡಸಾಲೆಯಲ್ಲೇ ಮಗ್ಗ ಇತ್ತು, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಆಯಿ ನೇಯುತ್ತಿದ್ದಳು. ಕಣ್ಣು ಮಂದವಾದ ಮೇಲೆ, ಇದೇ ಕೊನೆಯದು ಎಂದು ಮಗಳಿಗಾಗಿ ನೇಯ್ದದ್ದು ಅದು. ನೇಯುವಾಗ ದಂಡೆಯ ಒಂದು ಎಳೆ ಹರಿಯಿತು. ಹಳದಿ ಯಾವುದು, ಹಸಿರು ಯಾವುದು ಆಯಿಗೆ ಕಾಣಲಿಲ್ಲ. ಕೈಗೆ ಸಿಕ್ಕ ಹಸಿರು ಎಳೆಯನ್ನೇ ಗಂಟು ಹಾಕಿ ಮುಂದೆ ನೇಯ್ದಳು. ಹೀಗಾಗಿ ದಂಡೆಯಲ್ಲಿ ಅರ್ಧ ದಾರಿಯಿಂದ ಒಂದು ಹಸಿರು ಗೆರೆ. ಪೆಟ್ಟಿಗೆಯಲ್ಲಿ ಇಡಬೇಡ, ಹೊಲಿಸಿ ತೊಡು ಎಂದು ಹೇಳಿ ಕೊಟ್ಟಿದ್ದಳಂತೆ. ಅವ್ವ ಮಾತ್ರ, ಒಳ್ಳೆಯ ಸಮಯ ಬರಲಿ ಎಂದು ಇಟ್ಟಳು. ತಿಂಗಳೊಪ್ಪತ್ತಿನಲ್ಲಿ ಆಯಿ ತೀರಿಕೊಂಡಳು. ಆಮೇಲೆ ಎಷ್ಟೋ ಒಳ್ಳೆಯ ಸಮಯ ಬಂದವು, ಯಾವುದೂ ಅದಕ್ಕೆ ಸಾಕಷ್ಟು ಒಳ್ಳೆಯದು ಎಂದು ಅವ್ವನಿಗೆ ಅನಿಸಲಿಲ್ಲ. ಎಂಟು ವರ್ಷ ಅದು ಟ್ರಂಕಿನಲ್ಲೇ ಇತ್ತು.

ಹೋಗಿ ಕೇಳಿ ತರುತ್ತೇನೆ ಎಂದು ಎದ್ದೆ. ಅವ್ವ ಕೈ ಹಿಡಿದು ಕೂರಿಸಿದಳು. ಒಬ್ಬರ ಉಡಿಗೆ ಹಾಕಿದ್ದನ್ನು ತಿರುಗಿ ಕೇಳುವುದೆಂದರೆ ಅವರ ಮನೆಯ ಹೆಣ್ಣುಮಗಳಿಗೆ ಕೇಡು ಬಯಸಿದ ಹಾಗೆ, ಜೀವ ಹೋದರೂ ಕೇಳಬಾರದು ಎಂದಳು. ಆದರೆ ನಮ್ಮ ಕಡೆಯ ಖಣಗಳ ರೀತಿ ನನಗೆ ಗೊತ್ತಿತ್ತು. ಉಡಿಗೆ ಬಂದ ಖಣವನ್ನು ಹೊಲಿಸುವವರು ಅಪರೂಪ. ಇವರು ಅವರಿಗೆ ಕೊಡುತ್ತಾರೆ, ಅವರು ಇನ್ನೊಬ್ಬರಿಗೆ. ನಮ್ಮ ಮನೆಯಿಂದ ಹೋದ ಖಣ ಮೂರು ವರ್ಷದ ಮೇಲೆ ನಮಗೇ ಬಂದದ್ದು ಉಂಟು. ಯಾರೂ ಹೊಲಿಸದಿರಲಿ ದೇವರೇ, ತಿರುಗಾಡುತ್ತಲೇ ಇರಲಿ ಎಂದು ನಾನು ದಿನಾ ಹರಕೆ ಹೊತ್ತೆ. ನವಿಲಿನ ಪೊಟ್ಟಣ ಯಾರಿಗೆ ಹೋಯಿತು ಎಂದು ನೆನಪಿತ್ತು. ಅಪ್ಪನ ತಂಗಿ, ಬಾದಾಮಿಯ ಅತ್ತೆಗೆ.

ದಸರೆ ಸೂಟಿಯಲ್ಲಿ ಅಪ್ಪನ ಬೆನ್ನು ಹತ್ತಿ ಬಾದಾಮಿಗೆ ಹೋದೆ. ಕೇಳುವಂತಿಲ್ಲ, ತಿಳಿಯದೆ ಇರುವಂತಿಲ್ಲ. ಆ ನವಿಲಿನ ನಮೂನೆ ಮರೆತಿದ್ದೇನೆ, ಒಮ್ಮೆ ನೋಡಿಕೊಳ್ಳುತ್ತೇನೆ ಎಂದು ಸುಳ್ಳು ಹೇಳಿದೆ. ಅತ್ತೆಗೆ ಭಾರಿ ಸಂತೋಷ. ಮಂಗಗಳ ಕಾಟಕ್ಕೆ ಅದನ್ನು ಗಾಜಿನ ಕಪಾಟಿನಲ್ಲಿ ಇಟ್ಟಿದ್ದಳಂತೆ, ಬಂದವರಿಗೆಲ್ಲ ತೋರಿಸಿದ್ದಳಂತೆ. ಒಳಗೆ ಏನಿತ್ತು ಎಂದರೆ, ಅಷ್ಟು ಚಂದದ್ದನ್ನು ಯಾರು ಬಿಚ್ಚುತ್ತಾರೆ, ಖಣ ಅಲ್ಲದೆ ಮತ್ತೇನಿರುತ್ತದೆ ಎಂದಳು. ಅತ್ತೆ ತನ್ನ ಮಗಳನ್ನು ಇಳಕಲ್ಲಿಗೆ ಕೊಟ್ಟಿದ್ದಳು, ಅಲ್ಲಿಯ ಬೀಗತಿಯ ತಂಗಿ ಹುನಗುಂದದಾಕೆ. ಆಕೆ ಮನೆಗೆ ಬಂದಾಗ ಹಾಗೆಯೇ ಉಡಿಗೆ ಹಾಕಿ ಕಳಿಸಿದ್ದಳು.

ಒಂದು ಕಡೆ ಜೀವ ಬಂತು, ಬಿಚ್ಚಿಲ್ಲ. ಇನ್ನೊಂದು ಕಡೆ ಸಿಟ್ಟು ಬಂತು. ಮೂರು ತಿಂಗಳು ಕಣ್ಣೆದುರಿಗೆ ಇಟ್ಟುಕೊಂಡೂ ಒಳಗೇನಿದೆ ಎಂದು ನೋಡದೆ ಇರುವುದು ಮನುಷ್ಯರಿಗೆ ಸಾಧ್ಯವೇ? ನನಗೆ ಇವತ್ತಿಗೂ ಅದು ತಿಳಿದಿಲ್ಲ.

ಬೇಸಿಗೆಯಲ್ಲಿ ಅಪ್ಪನಿಗೆ ಪರೀಕ್ಷೆಯ ಕೆಲಸಕ್ಕೆ ಹುನಗುಂದಕ್ಕೆ ಹಾಕಿದರು. ನಾನೂ ಬರುತ್ತೇನೆ ಎಂದಾಗ ಅಪ್ಪ, ಎಲ್ಲ ಗೊತ್ತಿದ್ದರೂ ಗೊತ್ತಿಲ್ಲದವರ ಹಾಗೆ ಚೀಲ ಹಿಡಿಸಿದರು. ಹುನಗುಂದದಾಕೆ ಶೇಂಗಾ ಹೋಳಿಗೆ ಕೊಟ್ಟು ಕೂರಿಸಿದಳು. ನವಿಲಿನ ಪೊಟ್ಟಣ ಮಾಡಿದ್ದು ನಾನೇ ಎಂದು ತಿಳಿದಾಗ ಕೈ ಹಿಡಿದು ಬೆರಳು ನೋಡಿದಳು. ಆಕೆಯೂ ಬಿಚ್ಚಿರಲಿಲ್ಲ. ಬಸ್ಸಿನಲ್ಲಿ ನವಿಲಿನ ಕಣ್ಣು ಬಿದ್ದುಹೋಗಿತ್ತಂತೆ, ಆಕೆ ಅಲ್ಲಿ ಒಂದು ಮೆಣಸಿನ ಕಾಳು ಅಂಟಿಸಿದ್ದಳಂತೆ. ದಾರ ಸಡಿಲಾಗಿದ್ದಕ್ಕೆ ಮಿಠಾಯಿ ಡಬ್ಬಿಯ ಜರಿ ಪಟ್ಟಿ ಕಟ್ಟಿದಳಂತೆ. ಆಮೇಲೆ ಇಳಕಲ್ಲಿನ ತನ್ನ ಅಕ್ಕನ ಉಡಿಗೆ ಹಾಕಿದಳಂತೆ. ಒಳಗಿದ್ದುದರ ವಿಚಾರ ಮಾತ್ರ ಯಾರಿಗೂ ಇಲ್ಲ. ಮನೆಗೆ ಬಂದು ಅವ್ವನಿಗೆ ಇಳಕಲ್ಲಿನಲ್ಲಿದೆ ಎಂದೆ. ಅವಳು ರೊಟ್ಟಿ ಬಡಿಯುತ್ತಲೇ ಇದ್ದಳು. ಅದನ್ನು ಹಂಚಿಗೆ ಹಾಕಿ, ಹೊಲಿಸಿಲ್ಲಲ್ಲ ಎಂದು ಕೇಳಿದಳು. ಹೊಲಿಸಿಲ್ಲ ಎಂದೆ.

ಇಳಕಲ್ಲಿಗೆ ಹೋಗುವ ಕಾರಣ ತಾನಾಗಿ ಬಂತು. ಅತ್ತೆಯ ಮಗಳು ಎರಡನೆಯದನ್ನು ಗಂಡನ ಮನೆಯಲ್ಲೇ ಹೆತ್ತಳು, ತೊಟ್ಟಿಲ ಕಾರ್ಯಕ್ಕೆ ನಮಗೆ ಹೇಳಿಕೆ ಬಂತು. ಅವ್ವ ಎಂದೂ ಇಲ್ಲದಷ್ಟು ಬೇಗ ಎದ್ದಳು.

ಆ ಮನೆಯ ಹಿರಿಯಾಕೆ, ಅತ್ತೆಯ ಬೀಗತಿ, ಎತ್ತರದ ಮುದುಕಿ. ಮನೆಯ ಹಿಂದೆ ಎರಡು ಸೀರೆ ಮಗ್ಗ. ಊಟಕ್ಕೆ ಮುಂಚೆ ಬಂದ ಹೆಣ್ಣುಮಕ್ಕಳನ್ನು ಸಾಲಾಗಿ ಕೂರಿಸಿ ಉಡಿ ತುಂಬತೊಡಗಿದಳು. ಅವ್ವನ ಸರದಿ ಬಂತು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಅವುಗಳ ಮೇಲೆ ಈರುಳ್ಳಿ ಬಣ್ಣದ ಒಂದು ಪೊಟ್ಟಣ. ಜರಿ ಪಟ್ಟಿ, ಮೆಣಸಿನ ಕಾಳಿನ ಕಣ್ಣು, ನನ್ನ ನವಿಲು. ಪಕ್ಕದಲ್ಲಿ ಕೂತಿದ್ದ ಬಾದಾಮಿಯ ಅತ್ತೆ ತಾನು ದಾಟಿಸಿದ್ದು ಮೊದಲು ಕೊಟ್ಟವರ ಉಡಿಗೇ ಬಂದದ್ದು ನೋಡಿ, ಜಂತಿ ಎಣಿಸುವವಳಂತೆ ಮೇಲೆ ನೋಡತೊಡಗಿದಳು. ನನಗೆ ಕುಣಿಯಬೇಕೆನಿಸಿತು. ಅವ್ವ ಉಡಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಎದ್ದಳು.

ಹಿತ್ತಲ ಕೋಣೆಗೆ ಹೋದೆವು. ಅವ್ವ ಬಿಚ್ಚಲು ಕೊಟ್ಟಳು. ಒಂದೂವರೆ ವರ್ಷ ಮೂರು ಊರು ತಿರುಗಿದ ಕಾಗದವನ್ನು ನಾನು ಹರಿಯದಂತೆ ತೆರೆದೆ. ಒಳಗೆ ಕೆಂಪು ಖಣ, ಅಂಗಡಿಯ ಚೀಟಿ ಇನ್ನೂ ಅಂಟಿತ್ತು.

ನನ್ನ ಕಣ್ಣಲ್ಲಿ ನೀರು ಬಂತು. ಯಾರೋ ಕದ್ದಿದ್ದಾರೆ ಎಂದೆ. ಅವ್ವ ನನ್ನ ಬಾಯಿ ಮುಚ್ಚಿ, ಆ ಕೆಂಪು ಖಣವನ್ನು ಮಡಚಿದಳು. ಆಗಲೇ ಹೊರಗೆ ಕೂಸನ್ನು ತೊಟ್ಟಿಲಿಗೆ ಹಾಕುವ ಹೊತ್ತಾಯಿತು, ಕರೆದರು.

ಹಿರಿಯಾಕೆ ಕೂಸನ್ನು ಎತ್ತಿಕೊಂಡು ಬಂದಳು. ಕೂಸಿನ ತಲೆಗೆ ಕುಂಚಿಗೆ. ನಮ್ಮ ಕಡೆ ಎಳೆಗೂಸುಗಳಿಗೆ ತಲೆಯಿಂದ ಬೆನ್ನ ತನಕ ಇಳಿಯುವ ಕುಂಚಿಗೆಯನ್ನು ಖಣದಲ್ಲೇ ಹೊಲಿಯುತ್ತಾರೆ. ಬದನೆಕಾಯಿ ಬಣ್ಣ, ಹಳದಿ ದಂಡೆ. ದಂಡೆ ಕೂಸಿನ ಹಣೆಯ ಮೇಲೆ ಬಂದಿತ್ತು, ಎಡಗಿವಿಯ ಹತ್ತಿರದಿಂದ ಒಂದು ಹಸಿರು ಗೆರೆ ಶುರುವಾಗಿತ್ತು.

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಅದು ತೆರೆಯುವ ಮೊದಲೇ ಅವ್ವ ನನ್ನ ತೊಡೆ ಚಿವುಟಿದಳು. ಆ ಗುರುತು ನಾಲ್ಕು ದಿನ ಇತ್ತು. ಚಿವುಟಿ, ಮುಂದೆ ಹೋಗಿ, ಕೂಸನ್ನು ಕೊಡ್ರಿ ಎಂದು ಕೈ ಚಾಚಿದಳು. ತೆಗೆದುಕೊಂಡವಳು ಕುಂಚಿಗೆಯ ಅಂಚನ್ನು ಬೆರಳಿನಿಂದ ಸವರುತ್ತಾ ನಿಂತುಬಿಟ್ಟಳು. ಅರಿವಿ ಚಲೋ ಐತ್ರಿ ಎಂದಳು. ಹಿರಿಯಾಕೆಗೆ ಅಷ್ಟೇ ಸಾಕಾಯಿತು.

“ಚಲೋ ಅಂದ್ರೇನವ್ವಾ. ತಂಗಿ ಕೊಟ್ಟ ಒಂದು ಪೊಟ್ಟಣದಾಗ ಬಂತು. ಹೊರಗ ಇಷ್ಟು ಚಂದ ಮಾಡ್ಯಾರ, ಒಳಗ ಏನಿಟ್ಟಾರ ನೋಡೂಣು ಅಂತ ಬಿಚ್ಚಿದೆ. ನೋಡಿದ ಮ್ಯಾಲ ಮತ್ತೊಬ್ಬರಿಗೆ ಕೊಡಾಕ ಮನಸ್ಸ ಬರಲಿಲ್ಲ. ನಮ್ಮದು ಮಗ್ಗದ ಮನಿ, ಸಾವಿರ ಅರಿವಿ ಕೈಯಾಗ ಆಡ್ಯಾವ. ಇಲ್ಲಿ ನೋಡು, ಎಳಿ ಹರದೈತಿ, ಬ್ಯಾರೆ ಎಳಿ ಗಂಟ ಹಾಕ್ಯಾಳ. ಕಣ್ಣಿಗೆ ಕಾಣತೈತಿ, ಬೆರಳಿಗೆ ಹತ್ತಂಗಿಲ್ಲ. ಯಾವ ತಾಯಿ ನೇಯ್ದಾಳೋ, ಅಕಿ ಕೈ ಭಾಳ ದೊಡ್ಡದು.”

ಅವ್ವನ ಮುಖ ನೋಡಲು ನನಗೆ ಹೆದರಿಕೆಯಾಯಿತು. ಒಂದೂವರೆ ವರ್ಷ ನಾನು ಬಿಚ್ಚಿದವರನ್ನು ಶಪಿಸಲು ತಯಾರಾಗಿದ್ದೆ. ಈಗ ನೋಡಿದರೆ, ಇಷ್ಟು ಮನೆಗಳಲ್ಲಿ ಒಳಗೆ ಏನಿದೆ ಎಂದು ನೋಡಬೇಕೆನಿಸಿದ್ದು ಈ ಒಬ್ಬ ಮುದುಕಿಗೆ. ಆ ಬಳಗದಲ್ಲೆಲ್ಲ ನನ್ನ ಜಾತಿಯವಳೆಂದರೆ ಇವಳೇ ಎನಿಸಿ ಸಿಟ್ಟು ಎಲ್ಲಿಗೋ ಹೋಯಿತು.

ಅವ್ವ ಕೂಸಿನ ಹಣೆಗೆ ಮುತ್ತು ಕೊಟ್ಟು ತಿರುಗಿ ಕೊಟ್ಟಳು. ಆಮೇಲೆ ಬಲು ಮೆತ್ತಗೆ, ಹೊಲಿದು ಉಳಿದ ಚೂರು ಇವೆಯೇ ಎಂದು ಕೇಳಿದಳು. ಯಾಕೆ ಎಂದು ಹಿರಿಯಾಕೆ ಹುಬ್ಬೇರಿಸಿದಾಗ ನನ್ನ ಕಡೆ ಕೈ ತೋರಿಸಿದಳು. ಈ ಹುಡುಗಿ ಚೂರುಪಾರು ಕಂಡರೆ ಬಿಡುವುದಿಲ್ಲ, ಏನಾದರೂ ಮಾಡುತ್ತಾ ಕೂರುತ್ತಾಳೆ ಎಂದಳು. ನನ್ನ ಹುಚ್ಚನ್ನು ಅವ್ವ ನಾಲ್ಕು ಮಂದಿಯ ಮುಂದೆ ಒಪ್ಪಿಕೊಂಡದ್ದು ಅದೇ ಮೊದಲು. ಹಿರಿಯಾಕೆ ಗಡಿಗೆಯೊಂದರಲ್ಲಿ ಕೈಯಾಡಿಸಿ ಅಂಗೈಯಗಲದ ಎರಡು ತುಂಡು ತಂದು ನನಗೆ ಕೊಟ್ಟಳು.

ಬಸ್ಸು ಹುನಗುಂದ ದಾಟುವ ತನಕ ತಡೆದುಕೊಂಡೆ. ಆಮೇಲೆ, ನಮ್ಮ ಆಯಿ ನೇಯ್ದದ್ದು ಎಂದು ಯಾಕೆ ಹೇಳಲಿಲ್ಲ ಎಂದು ಕೇಳಿಯೇಬಿಟ್ಟೆ. ಅವ್ವ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದಳು. ಸೆರಗಿನಿಂದ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

“ಹೇಳಿದ್ರ ಆ ಮುದುಕಿ ಕೂಸಿನ ತಲಿಮ್ಯಾಲಿಂದ ತಗದು ಕೊಡ್ತಿದ್ದಳು. ಕೊಟ್ಟಿದ್ರ ನಾ ಮತ್ತ ಟ್ರಂಕಿನ್ಯಾಗ ಇಡ್ತಿದ್ದೆ.”

ಬಾಗಲಕೋಟೆ ಬರುವ ತನಕ ನಾನು ಆ ಎರಡು ತುಂಡನ್ನು ಅಂಗೈಯಲ್ಲಿ ಹಿಡಿದುಕೊಂಡೇ ಇದ್ದೆ.

ಮರುದಿನ ನಾನು ಹುಣಸೆ ಬೀಜದ ಅಂಟು, ಕತ್ತರಿ, ರಟ್ಟು ಎಲ್ಲ ಹರವಿಕೊಂಡು ಕೂತೆ. ಆ ಎರಡು ತುಂಡಿನಿಂದ ಚೌಕಟ್ಟು ಮಾಡಿ ಆಯಿಯ ಹೆಸರಿನಲ್ಲಿ ಗೋಡೆಗೆ ಹಾಕುವ ಬೇತು ನನ್ನದು. ಅವ್ವ ಬಂದು ತುಂಡುಗಳನ್ನು ನನ್ನ ಮುಂದಿನಿಂದ ಎತ್ತಿಕೊಂಡಳು, ಕತ್ತರಿಯನ್ನೂ ಒಯ್ದಳು. ಇಳಕಲ್ಲಿನಿಂದ ಬಂದ ಕೆಂಪು ಖಣವನ್ನು ಅವತ್ತೇ ಕತ್ತರಿಸಿದಳು. ಕುಬಸ ಹೊಲಿಯುವಾಗ, ಕೈ ಎತ್ತಿದರೆ ಹರಿಯಬಾರದೆಂದು ಕಂಕುಳಲ್ಲಿ ಒಂದೊಂದು ಚೌಕ ತುಂಡು ಕೂಡಿಸುತ್ತಾರೆ. ಅಲ್ಲಿ ಆಯಿಯ ಎರಡು ಚೂರು ಕೂಡಿಸಿದಳು. ಟ್ರಂಕಿಗೆ ಹಾಕಲಿಲ್ಲ, ಹಬ್ಬ ಹುಣ್ಣಿಮೆ ನೋಡಲಿಲ್ಲ, ಸಾದಾ ಸೋಮವಾರ ಮೈಮೇಲೆ ಹಾಕಿಕೊಂಡು ಅಡಿಗೆಮನೆಗೆ ಹೋದಳು.

ಎದುರಿನಿಂದ ನೋಡಿದವರಿಗೆ ಅದು ಕೆಂಪು ಕುಬಸ, ಅಷ್ಟೇ. ನಾನು ಬಾಗಿಲಲ್ಲಿ ನಿಂತು ಕಾಯುತ್ತಿದ್ದೆ. ಅವ್ವ ಮೇಲಿನ ಹಲಗೆಯಿಂದ ಬೆಲ್ಲದ ಡಬ್ಬಿ ಇಳಿಸಲು ಕೈ ಎತ್ತಿದಳು. ಕಂಕುಳಲ್ಲಿ ಬದನೆಕಾಯಿ ಬಣ್ಣ ಕಂಡಿತು.